ಸರ್ಕಾರಿ ಸೀಟಿನ ಲೆಕ್ಕದಲ್ಲಿ ‘ಕರ್ನಾಟಕದವರು’ ಯಾರು? ಏಳು ವರ್ಷದ ನಿಯಮವೂ 371(ಜೆ) ಪ್ರಮಾಣಪತ್ರವೂ

ಸೇಡಂ: ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ವಿಜ್ಞಾನಗಳತ್ತ ಮುಖ ಮಾಡುವ ಮಕ್ಕಳ ಮನೆಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಎದುರಾಗುತ್ತದೆ. ತಾವು ಕರ್ನಾಟಕದವರೆಂದು ಸಾಬೀತುಪಡಿಸಲು ಯಾವ ಕಾಗದ ಸಾಕು? ಪಡಿತರ ಚೀಟಿ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ಅಜ್ಜನ ಕಾಲದ ಹೊಲದ ಪಹಣಿ ಇದೆ, ಮನೆಮಾತು ಕನ್ನಡ. ಇಷ್ಟೆಲ್ಲ ಇದ್ದೂ ಸರ್ಕಾರಿ ಸೀಟಿಗೆ ಅರ್ಹತೆ ಸಿಗದೆ ಹೋಗಬಹುದು ಎಂಬುದು ಬಹುಪಾಲು ಪಾಲಕರಿಗೆ ತಿಳಿಯುವುದು ದಾಖಲಾತಿ ಪರಿಶೀಲನೆಯ ಮೇಜಿನ ಮುಂದೆ ನಿಂತಾಗಲೇ. ಏಕೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಮೊದಲು ಕೇಳುವುದು ‘ಎಲ್ಲಿಯವರು’ ಎಂದಲ್ಲ, ‘ಎಲ್ಲಿ ಓದಿದಿರಿ’ ಎಂದು.

ಕಲಬುರಗಿ ಜಿಲ್ಲೆಯವರಿಗೆ ಈ ಪ್ರಶ್ನೆಯ ಜೊತೆಗೆ ಎರಡನೆಯದೊಂದೂ ಇದೆ. ಸಂವಿಧಾನದ 371(ಜೆ) ವಿಧಿಯಡಿ ಪ್ರಾದೇಶಿಕ ಮೀಸಲಾತಿ ಬಯಸುವವರು ಕಲ್ಯಾಣ ಕರ್ನಾಟಕಕ್ಕೆ ಸೇರಿದವರೆಂದು ಬೇರೆಯಾಗಿ ತೋರಿಸಬೇಕು. ಅಲ್ಲಿ ಅಳತೆ ಓದಲ್ಲ. ಹುಟ್ಟು ಅಥವಾ ನೆಲೆ. ಎರಡು ನಿಯಮಗಳ ಸ್ವಭಾವ ಬೇರೆ, ಕಾಗದ ಬೇರೆ, ಕಾಗದ ಕೊಡುವ ಕಚೇರಿಯೂ ಬೇರೆ. ಒಂದನ್ನು ಇನ್ನೊಂದೆಂದು ತಿಳಿದು ಕೆಡುವವರೇ ಹೆಚ್ಚು.

ಶುಲ್ಕದ ಪ್ರಶ್ನೆ ಸೀಟಿನ ಪ್ರಶ್ನೆಯಾದ ಬಗೆ

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದೇ ತರಗತಿಯಲ್ಲಿ ಕುಳಿತ ಇಬ್ಬರಿಗೆ ಎರಡು ಬಗೆಯ ಬೋಧನಾ ಶುಲ್ಕವಿರುತ್ತದೆ. ಆ ರಾಜ್ಯದ ನಿವಾಸಿಗೆ ಒಂದು, ಹೊರಗಿನವನಿಗೆ ಅದರ ಹಲವು ಪಟ್ಟು. ಬಹುತೇಕ ರಾಜ್ಯಗಳಲ್ಲಿ ಹನ್ನೆರಡು ತಿಂಗಳ ವಾಸ ಮತ್ತು ಅಲ್ಲಿಯೇ ನೆಲೆಸುವ ಉದ್ದೇಶ ತೋರಿಸಿದರೆ ನಿವಾಸಿಯ ಶುಲ್ಕ ಅನ್ವಯಿಸುತ್ತದೆ. ಒಮ್ಮೆ ‘ಹೊರಗಿನವ’ ಎಂದು ಬರೆದುಕೊಂಡ ವಿದ್ಯಾರ್ಥಿಗೆ ಆ ಹಣೆಪಟ್ಟಿಯನ್ನು ಕಳಚುವ ಅವಕಾಶವನ್ನೇ ಕೊಡದಿದ್ದ ಕನೆಕ್ಟಿಕಟ್ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲಿ ರದ್ದುಪಡಿಸಿತು. ಇಂಗ್ಲೆಂಡಿನಲ್ಲಿ ಸ್ವದೇಶಿ ವಿದ್ಯಾರ್ಥಿಯ ಶುಲ್ಕಕ್ಕೆ ಸಾಮಾನ್ಯವಾಗಿ ಕೋರ್ಸು ಆರಂಭಕ್ಕೆ ಮುನ್ನ ಮೂರು ವರ್ಷಗಳ ವಾಸ ಬೇಕು.

ನಮ್ಮಲ್ಲಿ ವ್ಯತ್ಯಾಸವು ಶುಲ್ಕದ ಪಟ್ಟಿಯಲ್ಲಿ ನೇರವಾಗಿ ಕಾಣುವುದಿಲ್ಲ. ಸೀಟಿನ ಹೆಸರಿನೊಳಗೆ ಅಡಗಿರುತ್ತದೆ. ಸರ್ಕಾರಿ ಸೀಟಿಗೆ ಸರ್ಕಾರ ನಿಗದಿಪಡಿಸಿದ ಶುಲ್ಕ, ಖಾಸಗಿ ಸೀಟಿಗೆ ಹೆಚ್ಚಿನ ಶುಲ್ಕ, ಆಡಳಿತ ಮಂಡಳಿ ಮತ್ತು ಅನಿವಾಸಿ ಭಾರತೀಯರ ಸೀಟಿಗೆ ಇನ್ನೂ ಹೆಚ್ಚು. ಖಾಸಗಿ ಕಾಲೇಜಿನ ಒಂದೇ ಬೆಂಚಿನಲ್ಲಿ ಈ ಮೂರೂ ಬಗೆಯವರು ಇರಬಹುದು. ಇವುಗಳಲ್ಲಿ ಸರ್ಕಾರಿ ಸೀಟಿಗೆ ಕರ್ನಾಟಕದ ಅರ್ಹತೆ ಕಡ್ಡಾಯ. ಹೊರರಾಜ್ಯದವರಿಗೆ ಖಾಸಗಿ ವೈದ್ಯಕೀಯ ಕಾಲೇಜುಗಳ ಮುಕ್ತ ಸೀಟುಗಳು, ಎಂಜಿನಿಯರಿಂಗ್‌ನಲ್ಲಿ ಕಾಮೆಡ್‌-ಕೆ ಸೀಟುಗಳು, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಶೇ 15ರ ಅಖಿಲ ಭಾರತ ಕೋಟಾ ತೆರೆದಿರುತ್ತವೆ. ಹೀಗಾಗಿ ಅರ್ಹತೆ ತಪ್ಪಿದವರಿಗೆ ಕಾಲೇಜಿನ ಬಾಗಿಲು ಮುಚ್ಚುತ್ತದೆ ಎನ್ನಲಾಗದು. ಆದರೆ ಕೂಲಿ ಮಾಡಿ ಮಗಳನ್ನು ಓದಿಸಿದವರ ಪಾಲಿಗೆ ಖಾಸಗಿ ಸೀಟಿನ ಶುಲ್ಕವೇ ಮುಚ್ಚಿದ ಬಾಗಿಲು.

ಶುಲ್ಕದಲ್ಲಿಯೇ ನೇರವಾಗಿ ಭೇದ ಮಾಡಿದ ಕಾಲವೊಂದು ಕರ್ನಾಟಕದಲ್ಲಿಯೂ ಇತ್ತು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ 1984ರ ಕಾಯ್ದೆಯಡಿ ರಾಜ್ಯ ಸರ್ಕಾರ 1989ರ ಜೂನ್ 5ರಂದು ಹೊರಡಿಸಿದ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತ್ತು. ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000 ರೂಪಾಯಿವರೆಗೆ, ಹೊರರಾಜ್ಯದ ಭಾರತೀಯರಿಗೆ 60,000 ರೂಪಾಯಿವರೆಗೆ. ತುಮಕೂರಿನ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಲ್ಲಿ 60,000 ರೂಪಾಯಿ ಕಟ್ಟಬೇಕಾಗಿ ಬಂದ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಹೊರಬಿದ್ದ ಮೋಹಿನಿ ಜೈನ್ ಪ್ರಕರಣದ ತೀರ್ಪು, ಶುಲ್ಕದ ಹೆಸರಿನಲ್ಲಿ ಪಡೆಯುವ ಆ ಹೆಚ್ಚುವರಿ ಮೊತ್ತವು ಕ್ಯಾಪಿಟೇಷನ್ನೇ ಎಂದು ಹೇಳಿ ಅಧಿಸೂಚನೆಯನ್ನು ಅನೂರ್ಜಿತಗೊಳಿಸಿತು. ಮರುವರ್ಷ, 1993ರಲ್ಲಿ, ಉಣ್ಣಿಕೃಷ್ಣನ್ ಪ್ರಕರಣದಲ್ಲಿ ನ್ಯಾಯಾಲಯವೇ ‘ಉಚಿತ ಸೀಟು’ ಮತ್ತು ‘ಪಾವತಿ ಸೀಟು’ಗಳ ಯೋಜನೆಯೊಂದನ್ನು ರೂಪಿಸಿತು. ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, 1994ರಿಂದ ನಡೆದುಬಂದದ್ದು ಈ ಹಿನ್ನೆಲೆಯಲ್ಲಿ. ಉಣ್ಣಿಕೃಷ್ಣನ್ ಯೋಜನೆಯನ್ನು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿದರೂ ಸರ್ಕಾರಿ ಸೀಟು ಉಳಿಯಿತು, ಅದರೊಡನೆ ‘ಕರ್ನಾಟಕದವರು ಯಾರು’ ಎಂಬ ಪ್ರಶ್ನೆಯೂ ಉಳಿಯಿತು.

ಹುಟ್ಟು ಬೇರೆ, ವಾಸ ಬೇರೆ

ಸಂವಿಧಾನದ 15ನೇ ವಿಧಿಯು ಜನ್ಮಸ್ಥಳದ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಹಾಗಿದ್ದರೂ ರಾಜ್ಯಗಳು ತಮ್ಮವರಿಗೆ ಸೀಟು ಮೀಸಲಿಡುವುದು ಹೇಗೆ? ಉತ್ತರ 1955ರಷ್ಟು ಹಳೆಯದು. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜು ಮಧ್ಯಭಾರತ ರಾಜ್ಯದ ನಿವಾಸಿಗಳಲ್ಲದವರಿಂದ ಮಾತ್ರ ಕ್ಯಾಪಿಟೇಷನ್ ಶುಲ್ಕ ಪಡೆಯುತ್ತಿತ್ತು. ಇದನ್ನು ಪ್ರಶ್ನಿಸಿದ ಡಿ.ಪಿ. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತವು ವಾಸಸ್ಥಳವು ಜನ್ಮಸ್ಥಳವಲ್ಲ, ವಾಸದ ಆಧಾರದ ಮೇಲೆ ವರ್ಗೀಕರಣ ಮಾಡಬಹುದು ಎಂದು ತೀರ್ಮಾನಿಸಿತು. ಇಂದಿಗೂ ರಾಜ್ಯಗಳ ಇಂಥ ನಿಯಮಗಳೆಲ್ಲ ನಿಂತಿರುವುದು ಈ ತಳಹದಿಯ ಮೇಲೆ.

ಆಗಿನ ಮೈಸೂರು ರಾಜ್ಯದ 1970ರ ವೈದ್ಯಕೀಯ ಪ್ರವೇಶ ನಿಯಮ ಹತ್ತು ವರ್ಷಗಳ ವಾಸವನ್ನು ಬಯಸುತ್ತಿತ್ತು. 1971ರಲ್ಲಿ ಎನ್. ವಸುಂಧರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ 1984ರ ಪ್ರದೀಪ್ ಜೈನ್ ತೀರ್ಪು ದಿಕ್ಕನ್ನು ತುಸು ಬದಲಿಸಿತು. ಭಾರತೀಯನಿಗೆ ಇರುವುದು ಒಂದೇ ‘ಡೊಮಿಸೈಲ್’, ಅದು ಭಾರತದ್ದು, ರಾಜ್ಯಕ್ಕೊಂದು ಡೊಮಿಸೈಲ್ ಎಂಬುದಿಲ್ಲ ಎಂದ ನ್ಯಾಯಾಲಯ, ಎಂಬಿಬಿಎಸ್ ಹಂತದಲ್ಲಿ ವಾಸದ ಮೀಸಲಾತಿಯನ್ನು ಮಿತಿಯೊಳಗೆ ಒಪ್ಪಿಕೊಂಡು, ಉನ್ನತ ಹಂತಗಳಿಗೆ ಹೋದಂತೆ ಅದನ್ನು ಬಿಡಬೇಕೆಂದಿತು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳನ್ನು ಕರ್ನಾಟಕ ಮೂಲದವರಿಗೆ ಸೀಮಿತಗೊಳಿಸಿದ್ದ ರಾಜ್ಯದ ನಿಯಮ 2014ರ ವಿಶಾಲ್ ಗೋಯಲ್ ಪ್ರಕರಣದಲ್ಲಿ ಬಿದ್ದುಹೋಯಿತು. 2025ರ ಜನವರಿ 29ರಂದು ತನ್ವಿ ಬೆಹ್ಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಸ್ನಾತಕೋತ್ತರ ವೈದ್ಯಕೀಯದಲ್ಲಿ ವಾಸದ ಆಧಾರದ ಮೀಸಲಾತಿ ಸಂವಿಧಾನಬಾಹಿರವೆಂದು ಸ್ಪಷ್ಟಪಡಿಸಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಹತ್ತು ವರ್ಷ ರಾಜ್ಯದಲ್ಲಿ ಓದಿದವರಿಗೆ ಶೇ 25 ಸೀಟು ಮೀಸಲಿಡಲು 2020ರಲ್ಲಿ ತಂದ ತಿದ್ದುಪಡಿ ಕಾಯ್ದೆಯನ್ನೂ ಹೈಕೋರ್ಟ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತ್ತು.

ಆದ್ದರಿಂದ ಈ ಲೇಖನದಲ್ಲಿ ವಿವರಿಸುತ್ತಿರುವುದು ಪದವಿ ಹಂತದ ವೃತ್ತಿಪರ ಕೋರ್ಸುಗಳ ನಿಯಮ ಮಾತ್ರ. ಎಂ.ಡಿ., ಎಂ.ಎಸ್. ಆಕಾಂಕ್ಷಿಗಳು ಇದನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಏಳರ ಲೆಕ್ಕ

ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತಾ ಕಂಡಿಕೆಗಳು ಹಲವಿದ್ದರೂ ಬಹುಪಾಲು ಅಭ್ಯರ್ಥಿಗಳು ಬರುವುದು ಮೊದಲನೆಯದಾದ ‘ಎ’ ಕಂಡಿಕೆಯಡಿ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷಗಳನ್ನು ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಓದಿ ತೇರ್ಗಡೆಯಾಗಿರಬೇಕು; ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿಯೇ ಪಾಸು ಮಾಡಿರಬೇಕು. ಒಂದೇ ತರಗತಿಯಲ್ಲಿ ಎರಡು ವರ್ಷ ಕುಳಿತರೆ ಅದು ಒಂದೇ ವರ್ಷವೆಂದು ಲೆಕ್ಕ. ಏಳು ವರ್ಷಗಳು ಒಂದರ ಹಿಂದೊಂದು ಬರಬೇಕೆಂಬ ಷರತ್ತಿಲ್ಲ. ಮಾಧ್ಯಮ ಯಾವುದಾದರೂ ಆದೀತು. ಗಡಿಯಂಚಿನ ಉರ್ದು, ತೆಲುಗು ಅಥವಾ ಮರಾಠಿ ಶಾಲೆಯ ವರ್ಷಗಳಿಗೂ ಅಷ್ಟೇ ತೂಕ.

ಕೆಲವು ಉದಾಹರಣೆಗಳನ್ನು ನೋಡಿದರೆ ಸೂಕ್ಷ್ಮ ಅರ್ಥವಾಗುತ್ತದೆ. ಹತ್ತನೆಯವರೆಗೆ ಕೊಡ್ಲಿಯಲ್ಲಿ ಓದಿ, ಇಂಟರ್‌ಮೀಡಿಯೆಟ್‌ಗೆ ಹೈದರಾಬಾದಿಗೆ ಹೋದ ಹುಡುಗನಿಗೆ ತೊಂದರೆಯಿಲ್ಲ. ಹತ್ತು ವರ್ಷವಾಯಿತು, ಎಸ್ಸೆಸ್ಸೆಲ್ಸಿಯೂ ಇಲ್ಲಿನದೇ. ಒಂದರಿಂದ ಐದು ವಾಡಿಯಲ್ಲಿ, ಆರರಿಂದ ಹತ್ತು ಸೊಲ್ಲಾಪುರದಲ್ಲಿ, ಪಿಯುಸಿ ಸೇಡಂನಲ್ಲಿ ಓದಿದವಳೂ ಪಾರಾದಂತೆಯೇ. ಐದು ಮತ್ತು ಎರಡು ಸೇರಿ ಏಳು, ಪಿಯುಸಿ ಕರ್ನಾಟಕದ್ದು. ಆದರೆ ಒಂದರಿಂದ ಏಳರವರೆಗೆ ಊರಿನಲ್ಲಿಯೇ ಓದಿ, ಎಂಟರಿಂದ ಹನ್ನೆರಡರವರೆಗೆ ಹೈದರಾಬಾದಿನಲ್ಲಿ ಕಲಿತವನಿಗೆ ಏಳು ವರ್ಷವಿದ್ದೂ ಈ ಕಂಡಿಕೆ ಒದಗದು. ಎರಡು ಪಬ್ಲಿಕ್ ಪರೀಕ್ಷೆಗಳಲ್ಲಿ ಒಂದೂ ಇಲ್ಲಿನದಲ್ಲ. ವಿಚಿತ್ರವೆಂದರೆ ಇವನೇ ತೆಲಂಗಾಣದಲ್ಲಿ ‘ಸ್ಥಳೀಯ’ ಎನ್ನಿಸಿಕೊಳ್ಳಬಲ್ಲ. ಅಲ್ಲಿನ ವೈದ್ಯಕೀಯ ಪ್ರವೇಶದ ನಿಯಮ ಕೇಳುವುದು ಅರ್ಹತಾ ಪರೀಕ್ಷೆಯಲ್ಲಿ ಕೊನೆಗೊಳ್ಳುವ ಸತತ ನಾಲ್ಕು ವರ್ಷಗಳ ಓದನ್ನು. ಆ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಎತ್ತಿಹಿಡಿದಿದೆ. ತಾಂಡೂರು, ಹೈದರಾಬಾದುಗಳತ್ತ ಮಕ್ಕಳನ್ನು ಕಳಿಸುವ ಸೇಡಂ, ಚಿಂಚೋಳಿ ಭಾಗದ ಪಾಲಕರು ಈ ಎರಡು ಅಳತೆಗೋಲುಗಳನ್ನು ಎಂಟನೇ ತರಗತಿಗೆ ಮುನ್ನವೇ ಪಕ್ಕಪಕ್ಕದಲ್ಲಿಟ್ಟು ನೋಡಿಕೊಳ್ಳುವುದು ಒಳಿತು. ಒಂಬತ್ತನೆಯವರೆಗೆ ಇಲ್ಲಿದ್ದು ಹತ್ತನೆಯ ತರಗತಿಗೆ ಅಲ್ಲಿಗೆ ಹೋದರೆ ಎರಡೂ ಕಡೆ ತಪ್ಪುತ್ತದೆ.

‘ಎ’ ಒದಗದವರಿಗೆ ಮುಂದಿನ ಆಸರೆ ‘ಬಿ’ ಕಂಡಿಕೆ. ವಿದ್ಯಾರ್ಥಿ ಪಿಯುಸಿಯ ಎರಡೂ ವರ್ಷಗಳನ್ನು ಕರ್ನಾಟಕದಲ್ಲಿ ಓದಿರಬೇಕು, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಸೈನಿಕರ, ಅಖಿಲ ಭಾರತ ವರ್ಗಾವಣೆಗೆ ಒಳಪಟ್ಟ ಕೇಂದ್ರ ನೌಕರರ, ಕರ್ನಾಟಕ ಶ್ರೇಣಿಯ ಅಖಿಲ ಭಾರತ ಸೇವೆಯ ಅಧಿಕಾರಿಗಳ ಮಕ್ಕಳಿಗೆ, ವಲಸೆ ಯೋಜನೆಯಡಿ ಹೊರರಾಜ್ಯದ ನವೋದಯಕ್ಕೆ ಹೋಗಿಬಂದವರಿಗೆ ಪ್ರತ್ಯೇಕ ಕಂಡಿಕೆಗಳಿವೆ. ವಾಡಿ ಜಂಕ್ಷನ್ನಿನ ರೈಲ್ವೆ ಕುಟುಂಬಗಳು ನೋಡಬೇಕಾದದ್ದು ಇವುಗಳನ್ನು.

ಗುಳೆ ಹೋದವರ ಮಕ್ಕಳು

ಈ ಕಂಡಿಕೆಗಳನ್ನು ಒಟ್ಟಿಗೆ ಓದಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ವರ್ಗಾವಣೆಯ ಆದೇಶದಿಂದ ಊರು ಬಿಟ್ಟವರ ಮಕ್ಕಳನ್ನು ನಿಯಮ ನೆನೆಸಿಕೊಂಡಿದೆ. ಮಳೆ ಕೈಕೊಟ್ಟು ಊರು ಬಿಟ್ಟವರ ಮಕ್ಕಳನ್ನು ನೆನೆಸಿಕೊಂಡಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಿಂದ, ಒಣಭೂಮಿಯ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ಇಂದಿನ ಸಂಗತಿಯಲ್ಲ. ಗುಳೆಗೆ ಆದೇಶಪತ್ರವಿಲ್ಲ, ಸೇವಾ ಪುಸ್ತಕವಿಲ್ಲ. ಮಗು ಪುಣೆಯ ಕಟ್ಟಡ ಕಾಮಗಾರಿಯ ಬದಿಯ ನಗರಪಾಲಿಕೆ ಶಾಲೆಯಲ್ಲಿ ಆರನೇ ತರಗತಿಯವರೆಗೆ ಓದಿ, ಏಳನೆಯದಕ್ಕೆ ಊರಿಗೆ ಮರಳಿತು ಎಂದಿಟ್ಟುಕೊಳ್ಳಿ. ಏಳರಿಂದ ಹನ್ನೆರಡು ಎಂದರೆ ಆರೇ ವರ್ಷ. ‘ಎ’ ಕಂಡಿಕೆಗೆ ಒಂದು ವರ್ಷ ಕಡಿಮೆ.

‘ಬಿ’ ಕಂಡಿಕೆಯಾದರೂ ಕೈಹಿಡಿಯುವುದೇ? ತಂದೆ ಅಥವಾ ತಾಯಿ ಏಳನೆಯ ಇಯತ್ತೆ ಮುಗಿಸಿದ್ದರೆ ಹಿಡಿಯುತ್ತದೆ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದವರಾಗಿದ್ದರೆ ಇಲ್ಲ. ತಾತ, ಮುತ್ತಾತಂದಿರ ಕಾಲದಿಂದ ಇದೇ ಮಣ್ಣಿನಲ್ಲಿದ್ದ ಕುಟುಂಬದ ಮೊದಲ ಅಕ್ಷರಸ್ಥ ಮಗುವಿಗೆ, ಪಾಲಕರು ಓದಿಲ್ಲವೆಂಬ ಕಾರಣಕ್ಕೆ, ರಾಜ್ಯದ ಸೀಟು ತಪ್ಪುವ ಸ್ಥಿತಿ ಇದು. ಓದಿದವರ ಮಗನಿಗೆ ದೊರೆಯುವ ರಿಯಾಯಿತಿ ಓದದವರ ಮಗಳಿಗೆ ದೊರೆಯದೆಂಬುದು ನಿಯಮ ರೂಪಿಸಿದವರ ಉದ್ದೇಶವಾಗಿರಲಾರದು. ಆದರೆ ಫಲಿತಾಂಶ ಅದೇ. ಪಾಲಕರ ಓದಿನ ಬದಲು ಪಾಲಕರ ವಾಸಕ್ಕೆ ತಹಶೀಲ್ದಾರರ ಪ್ರಮಾಣಪತ್ರವನ್ನು ಒಪ್ಪಿಕೊಂಡರೆ ಈ ಕೊರತೆ ನೀಗುತ್ತದೆ. ವಾಸದ ಆಧಾರವನ್ನು ಪದವಿ ಹಂತದಲ್ಲಿ ನ್ಯಾಯಾಲಯಗಳು ನಿರಾಕರಿಸಿಯೂ ಇಲ್ಲ.

ಕೊರೊನಾ ಕಾಲದ ನೆನಪು ಇಲ್ಲಿ ಪ್ರಸ್ತುತ. 2020ರ ಬೇಸಿಗೆಯಲ್ಲಿ ಮಹಾರಾಷ್ಟ್ರದಿಂದ ದೊಡ್ಡ ಸಂಖ್ಯೆಯಲ್ಲಿ ಮರಳಿದ ಕಲಬುರಗಿ ಜಿಲ್ಲೆಯ ಕಾರ್ಮಿಕರಲ್ಲಿ ಮಕ್ಕಳನ್ನು ಊರಿನ ಶಾಲೆಗಳಿಗೇ ಸೇರಿಸಿದವರಿದ್ದಾರೆ. 2020-21ರಲ್ಲಿ ಇಲ್ಲಿ ಆರನೇ ತರಗತಿಗೆ ಸೇರಿ ಎಡೆಬಿಡದೆ ಓದಿದವರು 2027ರಲ್ಲಿ ದ್ವಿತೀಯ ಪಿಯುಸಿ ಮುಗಿಸುವಾಗ ಸರಿಯಾಗಿ ಏಳು ವರ್ಷ ತುಂಬುತ್ತದೆ. ಅದೇ ವರ್ಷ ಏಳನೆಯದಕ್ಕೆ ಸೇರಿದವರಿಗೆ 2026ರಲ್ಲಿ ಆರು ವರ್ಷವಷ್ಟೇ. ಗುಳೆಗೆ ಮುನ್ನ ಊರಿನಲ್ಲಿ ಒಂದನೆಯದೋ ಎರಡನೆಯದೋ ಓದಿದ್ದರೆ ಆ ವರ್ಷವನ್ನು ಸೇರಿಸಿಕೊಳ್ಳಬಹುದು. ಹಳೆಯ ಹಾಜರಿ ಪುಸ್ತಕದಲ್ಲಿ ಹೆಸರು ಹುಡುಕಿಸುವ ಶ್ರಮಕ್ಕೆ ಇಲ್ಲಿ ಒಂದು ಸೀಟಿನ ಬೆಲೆಯಿದೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಆರನೆಯ ತರಗತಿಯಿಂದ ಆರಂಭವಾಗುತ್ತವೆ. ಅಲ್ಲಿ ಐದು ವರ್ಷ, ನಂತರ ರಾಜ್ಯದಲ್ಲಿಯೇ ಪಿಯುಸಿ ಎರಡು ವರ್ಷ ಸೇರಿದರೆ ಏಳು. ಗುಳೆ ಹೋಗುವ ಕುಟುಂಬಗಳು ಮಗುವನ್ನು ಐದನೆಯ ತರಗತಿಯಲ್ಲಿರುವಾಗ ಈ ಶಾಲೆಗಳ ಪ್ರವೇಶ ಪರೀಕ್ಷೆಗೆ ಕೂರಿಸುವುದರಿಂದ ಊಟ, ವಸತಿಯ ಜೊತೆಗೆ ಈ ಅರ್ಹತೆಯೂ ದೊರೆಯುತ್ತದೆ. ಆದರೆ ಗ್ರಾಮೀಣ ಮೀಸಲಾತಿಗೂ (ಶೇ 15), ಕನ್ನಡ ಮಾಧ್ಯಮ ಮೀಸಲಾತಿಗೂ (ಶೇ 5) ಏಳು ವರ್ಷ ಸಾಲದು. ಒಂದರಿಂದ ಹತ್ತರವರೆಗಿನ ಪೂರ್ಣ ಹತ್ತು ವರ್ಷ ಬೇಕು.

ಗಡಿಯಾಚೆಯ ಕನ್ನಡಿಗರು

ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವವರಿಗೆ ಪ್ರಾಧಿಕಾರವು ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಗಡಿನಾಡು ಎಂದರೆ ಯಾವುದು ಎಂಬುದಕ್ಕೆ ಪಟ್ಟಿಯಿದೆ: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು. ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿತಂಟೆಯನ್ನಷ್ಟೇ ವಿಚಾರಿಸಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ನೆರಳು ಈ ಪಟ್ಟಿಯ ಮೇಲೆ ಸ್ಪಷ್ಟವಾಗಿದೆ. ಸೇಡಂ, ಚಿಂಚೋಳಿಗಳ ಮಗ್ಗುಲಲ್ಲೇ ಇರುವ ತೆಲಂಗಾಣದ ತಾಂಡೂರು, ಕೊಡಂಗಲ್, ನಾರಾಯಣಪೇಟೆ, ಮಕ್ತಲ್ ಕಡೆಯ ಕನ್ನಡ ಮನೆಗಳು ಈ ಪಟ್ಟಿಯಲ್ಲಿಲ್ಲ. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗೆ ಇರುವ ದಾರಿ ನಾರಾಯಣಪೇಟೆಯ ಕನ್ನಡ ವಿದ್ಯಾರ್ಥಿಗೆ ಇಲ್ಲ. ಈ ಭಾಗದವರು ಹೆಣ್ಣು ಕೊಟ್ಟು ತರುವ ಊರುಗಳೇ ಅವಾದ್ದರಿಂದ ತವರಿನ ಕಡೆ ಮಕ್ಕಳನ್ನು ಓದಿಸುವವರು ಇದನ್ನು ಗಮನಿಸಬೇಕು.

371(ಜೆ): ಹುಟ್ಟಿಗೂ ಬೆಲೆ

ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ‘ನೆಲದವರು’ ಎಂಬ ಲೆಕ್ಕ ಹೊಸದಲ್ಲ. ಹೈದರಾಬಾದ್ ಸಂಸ್ಥಾನದ ಮುಲ್ಕಿ ನಿಯಮಗಳು ಸರ್ಕಾರಿ ನೌಕರಿಗೆ ಸಂಸ್ಥಾನದ ಹುಟ್ಟುಪ್ರಜೆಯಾಗಿರಬೇಕ��, ಇಲ್ಲವೇ ಹದಿನೈದು ವರ್ಷ ನೆಲೆಸಿರಬೇಕೆಂದು ವಿಧಿಸಿದ್ದವು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ತೆಲಂಗಾಣ, ಆಂಧ್ರಗಳಿಗೆ 1973ರಲ್ಲಿಯೇ 371(ಡಿ) ವಿಧಿ ದೊರೆತರೆ ಈ ಕಡೆಯವರು ಅಂಥದೇ ರಕ್ಷಣೆಗಾಗಿ ಮತ್ತೆ ನಾಲ್ಕು ದಶಕ ಕಾಯಬೇಕಾಯಿತು. ಆ ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ಚಿಂಚೋಳಿಯ ಶಾಸಕರಾಗಿದ್ದ, 2019ರಲ್ಲಿ ನಿಧನರಾದ ಮಾಜಿ ಸಚಿವ ವೈಜನಾಥ ಪಾಟೀಲರು ಒಬ್ಬರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಯನ್ನು ಅಂಗೀಕರಿಸಿತು, 2013ರಲ್ಲಿ ಪ್ರವೇಶ ಮತ್ತು ನೇಮಕಾತಿಯ ಆದೇಶಗಳು ಹೊರಬಿದ್ದವು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಹಾಗೂ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿವೆ. (ಬಳ್ಳಾರಿ ನಿಜಾಮರದ್ದಾಗಿರಲಿಲ್ಲ; 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದ ಜಿಲ್ಲೆ ಅದು. ಹಿಂದುಳಿದಿರುವಿಕೆ ಇತಿಹಾಸಕ್ಕಿಂತ ಮಿಗಿಲಾಯಿತು.) ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. 1958ರ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರ ಎಂ.ಆರ್. ವೈದ್ಯಕೀಯ ಕಾಲೇಜು, ನಂತರ ಬಂದ ಜಿಮ್ಸ್ ಮೊದಲಾದವುಗಳಲ್ಲಿ ಈ ಭಾಗದ ಮಕ್ಕಳಿಗೆ ಸ್ಥಾನ ವಿಸ್ತರಿಸಿದ್ದು ಹೀಗೆ. ಬೆಂಗಳೂರಿನ ಹೆಸರಾಂತ ಕಾಲೇಜುಗಳ ಶೇ 8ರ ಪಾಲು ಬಹುಶಃ ಅದಕ್ಕಿಂತಲೂ ದೊಡ್ಡ ಲಾಭ.

ವಿಧಿಯ ಪಠ್ಯವೇ ‘ಹುಟ್ಟಿನಿಂದ ಅಥವಾ ಡೊಮಿಸೈಲ್‌ನಿಂದ’ ಆ ಪ್ರದೇಶಕ್ಕೆ ಸೇರಿದವರು ಎನ್ನುತ್ತದೆ. 15ನೇ ವಿಧಿ ಕೈಬಿಡಿಸಿದ ಜನ್ಮಸ್ಥಳವನ್ನು ಸಂವಿಧಾನ ತಿದ್ದುಪಡಿಯ ಮೂಲಕವೇ ಮತ್ತೆ ಅಳತೆಯಾಗಿ ತಂದದ್ದು ಇದರ ವಿಶೇಷ. ಹೀಗಾಗಿ ವಾಡಿಯ ಸಿಮೆಂಟ್ ಕಾರ್ಖಾನೆಗೆ, ಶಹಾಬಾದಿನ ಕಲ್ಲುಗಣಿಗಳಿಗೆ ಹೊರಗಿನಿಂದ ದುಡಿಯಲು ಬಂದವರ ಇಲ್ಲಿಯೇ ಹುಟ್ಟಿದ ಮಕ್ಕಳಿಗೂ ಪ್ರಮಾಣಪತ್ರದ ಹಾದಿ ತೆರೆದಿದೆ. ಹುಟ್ಟಿನ ಆಧಾರವಿಲ್ಲದವರಿಗೆ ನಿಯಮಗಳು ಹೇಳುವುದು ಹತ್ತು ವರ್ಷದ ನೆಲೆಯನ್ನು.

ಆದರೆ 371(ಜೆ) ಪ್ರಮಾಣಪತ್ರವೊಂದೇ ಸರ್ಕಾರಿ ಸೀಟು ಕೊಡಿಸುವುದಿಲ್ಲ. ಅದು ಮೀಸಲಾತಿಯ ಕಾಗದವೇ ಹೊರತು ಅರ್ಹತೆಯದಲ್ಲ. ಏಳು ವರ್ಷದ ಕಂಡಿಕೆಯನ್ನೋ ಅಥವಾ ಬೇರೊಂದನ್ನೋ ಮೊದಲು ದಾಟಿದವರಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಪುಣೆಯಿಂದ ಮರಳಿದ ಮೇಲಿನ ಮಗು ಕೊಡ್ಲಿಯಲ್ಲಿಯೇ ಹುಟ್ಟಿದ್ದು, ಕೈಯಲ್ಲಿ ಕಲ್ಯಾಣ ಕರ್ನಾಟಕದ ಪ್ರಮಾಣಪತ್ರವಿದ್ದು, ಆದರೂ ಕರ್ನಾಟಕದ ಸೀಟಿಗೆ ಅರ್ಹವಾಗದೆ ಉಳಿಯಬಹುದು. ಇದಕ್ಕೆ ತದ್ವಿರುದ್ಧವಾಗಿ, ಇಲ್ಲಿ ಹನ್ನೆರಡು ವರ್ಷ ಓದಿದವರೂ ಪ್ರಮಾಣಪತ್ರ ಮಾಡಿಸದಿದ್ದರೆ ಶೇ 70ರ ಪಾಲಿನಿಂದ ಹೊರಗೆ.

ಕಾಗದಪತ್ರಗಳ ದಾರಿ

371(ಜೆ) ಪ್ರಮಾಣಪತ್ರವನ್ನು ‘ಅನುಬಂಧ-ಎ’ ನಮೂನೆಯಲ್ಲಿ ಕೊಡುವ ಅಧಿಕಾರ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರದ್ದು. ಸೇಡಂ, ಚಿತ್ತಾಪುರ, ಚಿಂಚೋಳಿ, ಕಾಳಗಿ ತಾಲೂಕುಗಳವರಿಗೆ ಅದು ಸೇಡಂನ ಕಚೇರಿ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕಾಗುವುದರಿಂದ ಫಲಿತಾಂಶದ ನಂತರ ಓಡಾಡಿದರೆ ತಡವಾಗುತ್ತದೆ. ಪ್ರಥಮ ಪಿಯುಸಿಯ ವರ್ಷವೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಓದಿದ ಪ್ರತಿಯೊಂದು ಶಾಲೆಯ ಮುಖ್ಯಸ್ಥರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಮೂರು ಶಾಲೆ ಬದಲಿಸಿದವರು ಮೂರೂ ಕಡೆ ಹೋಗಬೇಕು. ಇತ್ತೀಚಿನ ವರ್ಷಗಳಲ್ಲಿ ಸ್ಯಾಟ್ಸ್ ಸಂಖ್ಯೆಯ ಮೂಲಕ ಓದಿನ ವಿವರ ಕಂಪ್ಯೂಟರಿನಲ್ಲಿಯೇ ದೊರೆಯುವಂತಾಗಿರುವುದು ಈ ಅಲೆದಾಟವನ್ನು ತುಸು ತಗ್ಗಿಸಿದೆ. ‘ಬಿ’ ಕಂಡಿಕೆಯವರು ತಂದೆಯ ಅಥವಾ ತಾಯಿಯ ಹಳೆಯ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತರಬೇಕು.

ಹೆಸರುಗಳ ಗೊಂದಲವೊಂದು ಈ ಭಾಗಕ್ಕೇ ವಿಶಿಷ್ಟವಾದದ್ದು. ಕೊಡ್ಲಿಯವರ ಹಳೆಯ ಟಿ.ಸಿ.ಗಳಲ್ಲಿ ‘ತಾಲೂಕು ಚಿಂಚೋಳಿ, ಜಿಲ್ಲೆ ಗುಲಬರ್ಗಾ’ ಎಂದಿರುತ್ತದೆ. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿಯಾಯಿತು, ಹೊಸ ತಾಲೂಕುಗಳು ರಚನೆಯಾದ ಮೇಲೆ ಊರು ಕಾಳಗಿಗೆ ಸೇರಿತು, 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಒಂದೇ ಮನೆಯ ಅಣ್ಣ, ತಂಗಿಯರ ಕಾಗದಗಳಲ್ಲಿ ಎರಡು ತಾಲೂಕು, ಎರಡು ಜಿಲ್ಲೆಯ ಹೆಸರಿರಬಹುದು. ಇದರಿಂದ ಅರ್ಹತೆಗೆ ಧಕ್ಕೆಯಿಲ್ಲ. ಆದರೆ ವಿದ್ಯಾರ್ಥಿಯ, ತಂದೆಯ ಹೆಸರಿನ ಅಕ್ಷರಗಳು ಟಿ.ಸಿ., ಅಂಕಪಟ್ಟಿ, ಜನನ ಪ್ರಮಾಣಪತ್ರಗಳಲ್ಲಿ ಬೇರೆಬೇರೆಯಾಗಿದ್ದರೆ ತಿದ್ದುಪಡಿಗೆ ಶಾಲೆಯನ್ನೇ ಹಿಡಿಯಬೇಕು. ಅದಕ್ಕೆ ತಿಂಗಳುಗಳು ಬೇಕಾಗುವುದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿಗೆ ಮುನ್ನವೇ ಸರಿಪಡಿಸಿಕೊಳ್ಳಬೇಕು.

ಕಂಡಿಕೆಗಳ ಪದವಿನ್ಯಾಸ, ಸಲ್ಲಿಸಬೇಕಾದ ನಮೂನೆಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಅಚ್ಚಾದದ್ದೇ ಅಂತಿಮ. ಅರ್ಜಿಯಲ್ಲಿ ಒಮ್ಮೆ ನಮೂದಿಸಿದ ಕಂಡಿಕೆಯ ದಾಖಲೆಗಳನ್ನೇ ಪರಿಶೀಲನೆಯ ದಿನ ಮೂಲಪ್ರತಿಯಲ್ಲಿ ಹಾಜರುಪಡಿಸಬೇಕಾಗುತ್ತದೆ.